ಧನ್ಯವಾದ ಹೇಳುವ ಕಸದ ಬುಟ್ಟಿಗೆ

ಒಂಬತ್ತನೇ ತರಗತಿಯ ಬಾಗಿಲ ಬಳಿ ವಿರಾಜಮಾನರಾಗಿರುವ, ಹಸಿರು ಮೈಯ, ಅಗಲ ಬಾಯಿಯ, ಚಕ್ರದ ಕಾಲಿನ, ಮಾತಾಡುವ ಕಸದ ಬುಟ್ಟಿಯವರಾದ ಮಾನ್ಯರೇ,

ಪರಿಸರ ವಿಜ್ಞಾನದ ಶಿಕ್ಷಕಿಯ ಸಾದರ ನಮಸ್ಕಾರಗಳು. ಹೋದ ವಾರದವರೆಗೂ ತಾವು ಹೊಟ್ಟೆ ತುಂಬಾ ಉಂಡು ಕ್ಷೇಮವಾಗಿದ್ದಿರೆಂದು ಬಲ್ಲೆ. ಆ ಹೊಟ್ಟೆಯನ್ನು ದಿನವೂ ಖಾಲಿ ಮಾಡಿದ ಆಯಾ ಮಾತ್ರ ಇನ್ನೂ ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದಾರೆ.

ಪಾಠವನ್ನು ಆಕರ್ಷಕವಾಗಿಸುವ ಬೋಧನೋಪಕರಣವೆಂದು ಮೇಲಧಿಕಾರಿಗಳು ತಮ್ಮನ್ನು ಕಳಿಸಿಕೊಟ್ಟಾಗ ನಾನೇ ಮುಂದೆ ನಿಂತು ಸ್ವಾಗತಿಸಿದ್ದೆ. ತಮ್ಮನ್ನು ಸುತ್ತಿ ತಂದ ಥರ್ಮಾಕೋಲು, ಪ್ಲಾಸ್ಟಿಕ್ ಹಾಳೆಗಳು ತಮ್ಮೊಳಗೇ ಹಿಡಿಸಲಿಲ್ಲವೆಂಬ ಮಾತನ್ನು ಆ ಶುಭಸಂದರ್ಭದಲ್ಲಿ ಯಾರೂ ಎತ್ತಲಿಲ್ಲ. ಏನು ಹಾಕಿದರೂ "ಧನ್ಯವಾದ, ಭೂಮಿಯ ಗೆಳೆಯರೇ" ಎನ್ನುವ ತಮ್ಮ ದನಿ ಎಷ್ಟು ಇಂಪಾಗಿದೆಯೆಂದರೆ, ಮನೆಯಲ್ಲಿ ಅಪ್ಪ ಅಮ್ಮನಿಂದಲೂ ಶಾಲೆಯಲ್ಲಿ ನನ್ನಿಂದಲೂ ಬೈಗುಳವನ್ನಷ್ಟೇ ಕೇಳಿ ಬೆಳೆದ ಮಕ್ಕಳು ಕರಗಿ ನೀರಾದರು.

ಅಲ್ಲಿಂದ ಶುರುವಾಯಿತು. ತಾವು ಬರುವ ಮುನ್ನ ನಮ್ಮ ತರಗತಿಯ ಕಸ ಒಂದು ಬೊಗಸೆ ದಾಟುತ್ತಿರಲಿಲ್ಲ. ವರ್ಷವಿಡೀ ಗಂಟಲು ಹರಿದುಕೊಂಡು ಅಷ್ಟನ್ನು ಸಾಧಿಸಿದ್ದೆ. ತಾವು ಬಂದ ಮೇಲೆ ಬರೆಯದ ಹಾಳೆಗಳು ಚೂರುಚೂರಾಗಿ ತಮ್ಮ ಬಾಯಿ ಸೇರಿದವು, ಚೂಪಾಗಿಯೇ ಇರುವ ಪೆನ್ಸಿಲ್ಲುಗಳು ಮತ್ತೆ ಮತ್ತೆ ಹೆರೆಸಿಕೊಂಡು ಸವೆದವು, ಬಾಯಿ ಮುಚ್ಚದ್ದಕ್ಕೆ 'ರೇಡಿಯೊ' ಎಂದೇ ಹೆಸರಾದ ಕೊನೆಯ ಬೆಂಚಿನ ಹುಡುಗನಂತೂ ಪಕ್ಕದ ಮನೆಯ ಕಸವನ್ನು ಚೀಲದಲ್ಲಿ ಹೊತ್ತು ತಂದು, ಒಂದೊಂದಾಗಿ ಹಾಕಿ, ಒಂದೊಂದಕ್ಕೂ ಧನ್ಯವಾದ ಗಿಟ್ಟಿಸಿಕೊಂಡ. ತಾವು ಎಲ್ಲವನ್ನೂ ಎಣಿಸಿ ಮೇಲಕ್ಕೆ ವರದಿ ಕಳಿಸಿದಿರಿ. ಹೆಚ್ಚು ಕಸ ಹಾಕಿದ ಶಾಲೆಯೇ ಹೆಚ್ಚು ಹಸಿರು ಎಂದು ತೀರ್ಮಾನವಾಗಿ ನಮಗೆ ಮೊದಲ ಸ್ಥಾನ ಬಂತು. ಮುಖ್ಯೋಪಾಧ್ಯಾಯಿನಿ ನನ್ನ ಬೆನ್ನು ತಟ್ಟಿದರು.

ಸಂಕಟವಿರುವುದು ಮುಂದೆ. ಶನಿವಾರದ ಮೊದಲ ಪೀರಿಯಡ್ಡಿನಲ್ಲಿ ನಾವು ಶಾಲೆಯ ಹಿಂದಿನ ಕೊಳದ ದಂಡೆಗೆ ಹೋಗುತ್ತೇವೆ. ಗೊದಮೊಟ್ಟೆಗಳಿಗೆ ಕಾಲು ಮೂಡುವುದನ್ನು ಮಕ್ಕಳು ಮಂಡಿಯೂರಿ ನೋಡುವ ಆ ಹೊತ್ತಿನಲ್ಲಿ ರೇಡಿಯೊ ಕೂಡ ಉಸಿರೆತ್ತುವುದಿಲ್ಲ. ಆ ಪೀರಿಯಡ್ಡಿನ ಮೇಲೆ ಗಣಿತದ ಮೇಷ್ಟ್ರಿಗೆ ಬಹುಕಾಲದಿಂದ ಕಣ್ಣು. ತಮ್ಮ ಎಣಿಕೆ ಇಳಿದರೆ ಅದು ಅವರ ಪಾಲಾಗುವುದೆಂದು ಸೂಚನೆ ಬಂದಿದೆ. ಅಂದರೆ ಕೊಳ ಉಳಿಯಬೇಕಾದರೆ ಕಸ ಬೆಳೆಯಬೇಕು. ಇಷ್ಟು ಸೊಗಸಾದ ಪರಿಸರ ಪಾಠವನ್ನು ನಾನು ಈ ಜನ್ಮದಲ್ಲಿ ಮಾಡಿರಲಿಲ್ಲ, ತಮ್ಮ ಚಕ್ರಗಳಿಗೆ ಶರಣು.

ಹೋದ ವಾರ, ಇಷ್ಟು ದಿನವೂ ಬರಿಗೈಯಲ್ಲೇ ತಮ್ಮನ್ನು ಹಾದುಹೋಗುತ್ತಿದ್ದ ಮುಂದಿನ ಬೆಂಚಿನ ಹುಡುಗಿ ತಮ್ಮೆದುರು ನಿಂತು, "ಮಿಸ್, ಕಸಾನೇ ಮಾಡದೋರಿಗೆ ಇದು ಏನೂ ಹೇಳಲ್ವಾ?" ಎಂದು ಕೇಳಿದಳು. ತಾವು ಬಾಯಿ ತೆರೆದುಕೊಂಡೇ ಸುಮ್ಮನಿದ್ದಿರಿ. ಮಾರನೆಯ ದಿನದಿಂದ, ಕೊಳ ಕೈತಪ್ಪಬಹುದೆಂದು ಗೊತ್ತಿದ್ದೂ, ಮಕ್ಕಳು ತಮಗೆ ಏನನ್ನೂ ಹಾಕುತ್ತಿಲ್ಲ. ನನಗೆ ಹೆಮ್ಮೆಯೂ ಹೆದರಿಕೆಯೂ ಒಟ್ಟೊಟ್ಟಿಗೆ ಆಗುತ್ತಿವೆ.

ಆದ್ದರಿಂದ ವಿನಂತಿ ಇಷ್ಟೇ: ಏನನ್ನೂ ಹಾಕದೆ ಹಾದುಹೋಗುವವರಿಗೂ ಧನ್ಯವಾದ ಹೇಳಲು ಕಲಿಯಿರಿ. ಹುಟ್ಟದೇ ಉಳಿದ ಕಸವನ್ನು ಎಣಿಸಿ ಮೇಲಕ್ಕೆ ಕಳಿಸಿ. ಬಿಡುವಿದ್ದರೆ ಒಂದು ಶನಿವಾರ ಬಂದು ಗೊದಮೊಟ್ಟೆಗಳನ್ನು ನೋಡಿ. ಅವು ಯಾರಿಗೂ ಧನ್ಯವಾದ ಹೇಳುವುದಿಲ್ಲ, ಆದರೂ ಮಕ್ಕಳನ್ನು ಅಲ್ಲಿಂದ ಎಬ್ಬಿಸುವಷ್ಟರಲ್ಲಿ ನನಗೆ ಸಾಕುಸಾಕಾಗುತ್ತದೆ.

ತಮ್ಮ ಉಪವಾಸಕ್ಕೆ ಮರುಗುತ್ತಿರುವ,
ತಮ್ಮ ವಿಶ್ವಾಸಿ,
ಪರಿಸರ ವಿಜ್ಞಾನದ ಶಿಕ್ಷಕಿ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಮೇಲಿನಿಂದ ಆದೇಶ ಬಂತು. ಎಣಿಕೆ ಸೊನ್ನೆಗೆ ಇಳಿದಿರುವುದರಿಂದ ತಾವೇ ಕೆಟ್ಟುಹೋಗಿದ್ದೀರೆಂದು ತೀರ್ಮಾನಿಸಿ, ಹಾಡನ್ನೂ ಹೇಳುವ ತಮ್ಮ ಕಿರಿಯ ಸಹೋದರರನ್ನು ಕಳಿಸುತ್ತಿದ್ದಾರೆ. ಅವರ ಪ್ರಾತ್ಯಕ್ಷಿಕೆಗೆ ಗೊತ್ತುಮಾಡಿರುವುದು ಶನಿವಾರದ ಮೊದಲ ಪೀರಿಯಡ್. ಹಾಗಾದರೆ ಸಮಾರಂಭ ಕೊಳದ ದಂಡೆಯಲ್ಲೇ ಆಗಲಿ ಎಂದು ಮಕ್ಕಳೆಲ್ಲ ಒಕ್ಕೊರಲಿನಿಂದ ಹೇಳಿದ್ದಾರೆ. ದಂಡೆ ತುಂಬಾ ಜಾರುತ್ತದೆ. ತಮ್ಮ ಸಹೋದರರಿಗೆ ಈಜು ಬರುತ್ತದೆಯೇ, ದಯಮಾಡಿ ತಿಳಿಸಿ.