ಕವೆಗೋಲು ಹಿಡಿದ ಕೈ

"ಮುದ್ದೆ ಮಾಡಾಕೆ ಬ್ರಹ್ಮವಿದ್ಯೆ ಬೇಕಾ? ಎಳ್ಳಿನಷ್ಟು ಮೂಗುತಿಗೆ ಕಲ್ಲು ಕೂರಿಸೋ ಕೈ ಕಣಯ್ಯಾ ಇದು!"

ಪಾಂಡವಪುರದ ಅಕ್ಕಸಾಲಿಗ ಸುಬ್ರಹ್ಮಣ್ಯ ಹೀಗೆಂದು ಗರ್ಜಿಸಿದ್ದು ಅಡುಗೆಮನೆಯ ಗೋಡೆಗೆ. ಕೇಳಲು ಬೇರೆ ಯಾರಿದ್ದರು? ಹೆಂಡತಿ ಪ್ರಮೀಳಾ ಗುರುವಾರವೇ ತವರು ಸಿಂಧಘಟ್ಟದ ಬಸ್ಸು ಹತ್ತಿದ್ದಳು.

ಜಗಳ ಮುದ್ದೆಯದೇ. ಆ ಮನೆಯಲ್ಲಿ ತಾತನ ಕಾಲದಿಂದಲೂ ಮುದ್ದೆಗೆ ಇಬ್ಬರು ಬೇಕು. ಒಬ್ಬರು ಕೋಲಿನಿಂದ ಹಿಟ್ಟು ತಿರುವಬೇಕು, ಇನ್ನೊಬ್ಬರು ಪಾತ್ರೆ ಅಲುಗದಂತೆ ಅಂಚಿಗೆ ಕವೆಗೋಲು ಒತ್ತಿ ಹಿಡಿಯಬೇಕು. ಬಂದ ನೆಂಟರು ಮುದ್ದೆಯನ್ನು ಹೊಗಳಿದಾಗ ಸುಬ್ರಹ್ಮಣ್ಯ ಮೀಸೆ ತಿರುವಿದ್ದ: "ಎಲ್ಲಾ ನನ್ನ ಇಡಿತದ ಮಹಿಮೆ!"

"ಅಂಗಾದ್ರೆ ಇಡ್ಕೊಂಡೇ ಇರಿ!" ಎಂದು ಪ್ರಮೀಳಾ ಬ್ಯಾಗು ಎತ್ತಿದ್ದಳು.

ಭಾನುವಾರ ಉಪ್ಸಾರು ಹೇಗೋ ಆಯಿತು. ಕಾಳು, ಸೊಪ್ಪು ಬೇಯಿಸಿ ಬಸಿದ. ಮೆಣಸು, ಬೆಳ್ಳುಳ್ಳಿಯ ಖಾರ ಅರೆದ. ಅಭ್ಯಾಸಬಲದಿಂದ ಎರಡು ತಟ್ಟೆ ಇಟ್ಟ. ಒಂದನ್ನು ಎತ್ತಿಡುವಾಗ ಆದ ಸದ್ದು ಇಡೀ ಮನೆಗೆ ಕೇಳಿಸಿತು.

ಎಸರು ಕುದಿಯಿತು. ಹಿಟ್ಟು ಬಿತ್ತು. ಪಾತ್ರೆಯನ್ನು ನೆಲಕ್ಕಿಳಿಸಿ ಎಡಗೈಲಿ ಕವೆಗೋಲು, ಬಲಗೈಲಿ ಮುದ್ದೆಕೋಲು ಹಿಡಿದು ತಿರುವಿದರೆ, ಹಿಟ್ಟಿನ ಜೊತೆ ಪಾತ್ರೆಯೂ ತಿರುಗಿತು! ಅದರ ಹಿಂದೆ ಕುಕ್ಕರಗಾಲಲ್ಲಿ ಅವನ ಪ್ರದಕ್ಷಿಣೆ. ಪಾದದಿಂದ ತಡೆದ, ಸುಟ್ಟಿತು. ಒಂದು ಉಂಡೆ ಹಾರಿ ಕ್ಯಾಲೆಂಡರಿಗೆ ಅಂಟಿತು. 'ಇಟ್ಟು ತಿಂದೋನು ಬೆಟ್ಟ ಕಿತ್ತಿಟ್ಟ' ಎನ್ನುತ್ತಿದ್ದಳು ಅಜ್ಜಿ. ಈ ಇಟ್ಟನ್ನು ಕಿತ್ತಿಡುವವರು ಯಾರು? ಬಾಯಿಗಿಟ್ಟರೆ ಬರೀ ಗಂಟು. ನುಂಗಬೇಕಾದ ಮುದ್ದೆ ಅಗಿದರೂ ಬಗ್ಗಲಿಲ್ಲ.

ಹೆಂಡತಿಗೆ ಫೋನು ಮಾಡಿದ.

"ಏನು?"

"ಏನಿಲ್ಲ. ಊಟ ಆಯ್ತಾ?"

"ಆಯ್ತು. ನಿಮ್ದು?"

"ಆಯ್ತಾ ಅದೆ." ಕಾಲು ತಾಗಿ ಪಾತ್ರೆ ಗಡಗಡ ಎಂದಿತು.

"ಅದೇನ್ರೀ ಸದ್ದು?"

"ಪಾತ್ರೆ ನಿಲ್ಲಾಕಿಲ್ಲ ಅಂತದೆ ಕಣೇ."

ಅತ್ತ ಕಡೆಯಿಂದ ಸಣ್ಣ ನಗು. "ಇಲ್ಲೂ ಅಂಗೇಯ. ನಮ್ಮಣ್ಣ ಕವೆಗೋಲು ಇಡ್ಕೊಂಡು ಮೊಬೈಲು ನೋಡ್ತಾನೆ. ಬರೀ ಗಂಟು."

"ನೋಡ್ದಾ! ನಾನು ಯೋಳ್ಲಿಲ್ವಾ, ಇಡ್ಕೊಳ್ಳೋನು..." ನಾಲಿಗೆ ಕಚ್ಚಿಕೊಂಡ. ಸುಟ್ಟ ಪಾದ ಚುರುಗುಟ್ಟಿತು. "ತಿರುವೋಳು ಬೇಕು ಕಣೇ, ಪ್ರಮೀಳಾ."

"ಮೂರ್ಗಂಟೆ ಬಸ್ಸಿಗೆ ಬತ್ತೀನಿ."

ಎತ್ತಿಟ್ಟಿದ್ದ ತಟ್ಟೆಗೆ ಅವನ ಕೈ ಆಗಲೇ ಚಾಚಿತ್ತು. "ಅಲ್ಲೀಗಂಟ ನಾನೇನು ಮಾಡ್ಲಿ?"

"ಇಡ್ಕೊಂಡೇ ಇರಿ!"