ಬ್ಯಾಟರಿ ಸೈಕಲ್ಲಿಗೆ ಸಾಂಬಾರಿನ ಪಾಠ

ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ನಾನು ಹಾಲಿನವನಿಗೆ, ವಾಚ್‌ಮನ್‌ಗೆ, ಕೊನೆಗೆ ರಾಂಗ್ ನಂಬರಿನಿಂದ ಫೋನು ಮಾಡಿದ ಒಬ್ಬರಿಗೂ ಹೇಳಿದ್ದೆ. ಪಾಪ, ಅವರು “ಮುಬಾರಕ್ ಹೋ” ಅಂದರು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಸಿಕ್ಕ ಒಂದೇ ಒಂದು ಪದವಿ, ಅಜ್ಜ! ಅದರ ಮೇಲೆ ಇನ್ನೊಂದು ಗೌರವ: ನಾಮಕರಣದಲ್ಲಿ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುವ ಕೆಲಸವನ್ನು ಬೀಗರು ನನಗೇ ಬಿಟ್ಟುಕೊಟ್ಟಿದ್ದರು.

ಮಗಳ ಮನೆ ಬೇಲಾಪುರದ ಪಾರ್ಸಿಕ್ ಗುಡ್ಡದ ಮೇಲೆ, ನಮ್ಮದು ಬುಡದಲ್ಲಿ. ನಾಮಕರಣದ ದಿನ ಬೆಳಿಗ್ಗೆ ಅಳಿಯ ತನ್ನ ಗುಡ್ಡ ಹತ್ತುವ ಬ್ಯಾಟರಿ ಸೈಕಲ್ಲಿನಲ್ಲಿ ಇಳಿದು ಬಂದ. ಸೈಕಲ್ ನಮ್ಮಲ್ಲೇ ಬಿಟ್ಟು, ತೊಟ್ಟಿಲಿಗೆ ಕಟ್ಟುವ ಹೂವನ್ನೂ ನನ್ನ ಹೆಂಡತಿ ಜಲಜಳನ್ನೂ ರಿಕ್ಷಾದಲ್ಲಿ ಹತ್ತಿಸಿಕೊಂಡ. ಪಾಯಸ ಇನ್ನೂ ಒಲೆಯ ಮೇಲಿತ್ತು.

“ಮಾವಾ, ಪಾಯಸ ಆದ ಕೂಡ್ಲೇ ರಿಕ್ಷಾ ಹಿಡೀರಿ,” ಎಂದ.

“ಆ ಸೈಕಲ್ ಮಾತ್ರ ಮುಟ್ಲಿಕ್ಕೆ ಹೋಗ್ಬೇಡಿ,” ಎಂದಳು ಜಲಜ. ನನ್ನ ತಲೆಯಲ್ಲಿ ಏನು ಕುದಿಯುತ್ತಿದೆ ಎಂಬುದು ಅವಳಿಗೆ ಮುಚ್ಚಳ ತೆಗೆಯದೆಯೇ ಗೊತ್ತಾಗುತ್ತದೆ.

ಮುಟ್ಟದಿರಲು ನಾನೇನು ಸಾಮಾನ್ಯನೇ? ತುರ್ಭೆಯ ನಮ್ಮ ಹೋಟೆಲಿನಿಂದ ಕಾರ್ಖಾನೆಗಳಿಗೆ ಇಪ್ಪತ್ತು ವರ್ಷ ಸೈಕಲ್ಲಿನಲ್ಲಿ ಸಾಂಬಾರು ಒಯ್ದವನು! ಒಂದು ಹನಿ ಚೆಲ್ಲಿದವನಲ್ಲ. ಅದರ ಗುಟ್ಟು ಇಷ್ಟೇ: ಕಾಲು ನಿಧಾನ ಇರಬೇಕು. ಒಂದು ತುಳಿತ, ಒಂದು ಉಸಿರು. ಕಾಲು ಕುಣಿದರೆ ಸಾಂಬಾರೂ ಕುಣಿಯುತ್ತದೆ. ಈಗಂತೂ ಮೋಟಾರೇ ಇದೆ, ಇನ್ನೇನು ಭಯ?

ಪಾಯಸದ ಡಬ್ಬವನ್ನು ಬೆನ್ನಚೀಲದಲ್ಲಿ ಕೂರಿಸಿ ಹೊರಟೆ. ಸಪಾಟು ರಸ್ತೆಯಲ್ಲಿ ಮಹಾರಾಜನ ಸವಾರಿ! ಏರು ಬಂತು. ನಿಯಮದ ಪ್ರಕಾರ ಗೇರನ್ನು ಬಿಗಿ ಮಾಡಿದೆ, ನಿಧಾನವಾಗಿ ಒತ್ತಿದೆ. ಮೋಟಾರು ‘ಊಂ’ ಎಂದು ನರಳಿತು. ಇನ್ನೂ ನಿಧಾನವಾಗಿ, ಇನ್ನೂ ಬಲವಾಗಿ ಒತ್ತಿದೆ. ಅದು ನರಳುವುದನ್ನೂ ನಿಲ್ಲಿಸಿತು! ಅರ್ಧ ಗುಡ್ಡದಲ್ಲಿ ನಾನು, ಪಾಯಸ, ಮತ್ತು ಕಲ್ಲುಗುಂಡಿನಷ್ಟು ಭಾರದ ಸೈಕಲ್. ವಾಕಿಂಗ್ ಬಂದ ಅಜ್ಜಿಯೊಬ್ಬರು ನನ್ನನ್ನು ಹಿಂದೆ ಹಾಕಿ, ತಿರುಗಿ, “ಕಾಯ್ ಕಾಕಾ, ಬ್ಯಾಟರಿ ಸಂಪಲೀ ಕಾ?” ಎಂದರು. ಮುಗಿದದ್ದು ಬ್ಯಾಟರಿಯಲ್ಲ, ನನ್ನ ಮರ್ಯಾದೆ!

ಫೋನು ಬಂತು. ಅಳಿಯ.

“ಮಾವಾ, ಎಲ್ಲಿದ್ದೀರಿ? ಭಟ್ರು ಗಡಿಯಾರ ನೋಡ್ತಿದ್ದಾರೆ!”

“ನಿನ್ನ ಮೋಟಾರು ಸತ್ತಿದೆ ಮಾರಾಯ!”

“ಸೈಕಲ್ ತಂದ್ರಾ? ಅಯ್ಯೋ! ಹೇಗೆ ತುಳೀತಿದ್ದೀರಿ?”

“ನಿಧಾನ. ಒತ್ತಿ ಒತ್ತಿ.”

“ಅರೇ ಯಾರ್… ಸಾರಿ ಮಾವಾ! ಹಾಗೆ ತುಳಿದ್ರೆ ಅದು ಹೆಲ್ಪ್ ಮಾಡಲ್ಲ. ಗೇರ್ ಹಗುರ ಮಾಡಿ, ಕಾಲು ಗರಗರ ತಿರುಗಿಸಿ. ಕಾಲು ಬೇಗ ತಿರುಗಿದ್ರೆ ತಾನೇ ಮೋಟಾರಿಗೆ ಜೋಶ್!”

“ಪಾಯಸ ಚೆಲ್ಲುತ್ತದಲ್ಲ?”

ಫೋನು ಜಲಜಳ ಕೈಗೆ ಹೋಯಿತು. “ಪಾಯಸ ಗುಡ್ಡಕ್ಕೆ ಕುಡಿಸಿ ಬನ್ನಿ! ಬೀಗರು ಆಗ್ಲೇ ಮಗುವಿನ ಹತ್ರ ಬಗ್ಗಿ ನಿಂತಾಯ್ತು!”

ಬಗ್ಗಿ ನಿಂತಾಯ್ತೇ? ನಾನು ಹೆಸರು ಹೇಳಬೇಕಾದ ಜಾಗದಲ್ಲೇ? ಗುಂಡಿ ಒತ್ತಿ ಗೇರು ಇಳಿಸಿದೆ. ಇಪ್ಪತ್ತು ವರ್ಷದ ವಿದ್ಯೆಯನ್ನು ರಸ್ತೆಗೆಸೆದು ಕಾಲು ಗರಗರ ತಿರುಗಿಸಿದೆ.

ಅಬ್ಬಬ್ಬಾ! ಯಾರೋ ಹಿಂದಿನಿಂದ ಒದ್ದಂತೆ ಸೈಕಲ್ ಹಾರಿತು! ಕಾಲು ತಿರುಗಿದಷ್ಟೂ ಅದು ನುಗ್ಗುತ್ತಿತ್ತು, ಅದು ನುಗ್ಗಿದಷ್ಟೂ ಹೆದರಿಕೆಗೆ ನನ್ನ ಕಾಲು ಇನ್ನಷ್ಟು ತಿರುಗುತ್ತಿತ್ತು. ಆ ಅಜ್ಜಿಯನ್ನು ದಾಟಿದೆ. ಒಂದು ರಿಕ್ಷಾವನ್ನೂ ದಾಟಿದೆ. ಬೆನ್ನ ಮೇಲೆ ಬಿಸಿಬಿಸಿಯಾಗಿ ಏನೋ ಇಳಿಯತೊಡಗಿತು. ಮೊದಲು ಬೆವರು ಎಂದುಕೊಂಡೆ. ಬೆವರಿನಲ್ಲಿ ದ್ರಾಕ್ಷಿ ಇರುವುದಿಲ್ಲ!

ನಾನು ಒಳಗೆ ನುಗ್ಗಿದಾಗ ಬೀಗರು ಬಾಯಿ ತೆರೆದಿದ್ದರು. ನನ್ನ ಬೆನ್ನು ನೋಡಿ ಹಾಗೇ ತೆರೆದುಕೊಂಡೇ ಪಕ್ಕಕ್ಕೆ ಸರಿದರು. ನಾನು ತೊಟ್ಟಿಲಿಗೆ ಬಾಗಿದೆ. ಆ ಪುಟ್ಟ ಕಿವಿಗೆ ಬಾಯಿಟ್ಟು ಒಮ್ಮೆ, ಎರಡು ಸಲ, ಮೂರು ಸಲ… ಮುಗಿಸಿದೆ. ಕಣ್ಣಲ್ಲಿ ನೀರು!

“ಎಷ್ಟು ಗುಟ್ಟಾಗಿ ಹೇಳಿದ್ರು! ನಮಗೆ ಒಂದಕ್ಷರ ಕೇಳಲಿಲ್ಲ,” ಎಂದು ಭಟ್ಟರು ಹೊಗಳಿದರು.

ಅವರಿಗೆ ಹೇಗೆ ಕೇಳೀತು? ನನಗೆ ಉಸಿರೇ ಇರಲಿಲ್ಲ. ಹೊರಟದ್ದು ‘ಹುಸ್ಸ್, ಹುಸ್ಸ್, ಹುಸ್ಸ್’ ಮಾತ್ರ!

ಮಗುವಿಗೆ ಈಗ ಒಂದೂವರೆ ವರ್ಷ. “ಆರಾಧ್ಯಾ” ಎಂದು ಮನೆಯವರೆಲ್ಲ ಗಂಟಲು ಹರಿದುಕೊಂಡರೂ ತಿರುಗಿ ನೋಡುವುದಿಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಹುಸ್ಸೆಂದರೆ ಸಾಕು, “ಆಂ?” ಎಂದು ಓಡಿ ಬರುತ್ತಾಳೆ. ಯಾಕೆಂದು ಎಲ್ಲರಿಗೂ ಆಶ್ಚರ್ಯ. ನಾನು ಪೇಪರ್ ಅಡ್ಡ ಹಿಡಿದು ಕೂತಿರುತ್ತೇನೆ.