ಬಲ್ಬ್ ಹೋತ್ರಿ!

ಸಂಖ್ಯಾಶಾಸ್ತ್ರ ಓದಿದವ ಹಳ್ಳಿಗೆ ಹೋಗಿ ನಗೆಪಾಟಲಾಗದಂಗ ಹೊಳ್ಳಿ ಬಂದದ್ದು ನಾ ಕಂಡಿಲ್ಲ. ನನಗಂತೂ ವಾರಕ್ಕೊಮ್ಮೆ ಆಗ್ತಿತ್ತು. ಎಂಬತ್ತರ ದಶಕದಾಗ ಪಿಎಚ್‌ಡಿ ಸಲುವಾಗಿ ಶಲವಡಿ, ಸಂಶಿ ಹಳ್ಳಿಗಳ ಮನಿಮನಿಗೆ ಎರಡು ನಮೂನಿ ಬಲ್ಬ್ ಹಂಚಿದ್ದೆ, ಕೆಲವು ಮನಿಗೆ ಹಳೇ ನಮೂನಿದು, ಕೆಲವಕ್ಕ ಹೊಸಾ ನಮೂನಿದು. ಎರಡರ ಆಯುಷ್ಯನೂ ಒಂದ ಏನು? ಇಷ್ಟ ನನ್ನ ಪ್ರಶ್ನೆ. ವರ್ಷದ ಕಡೀಗೂ ಉರಿಯಾಕತ್ತಿದ್ರ 'ಇಲ್ಲೀತನಕ ಉರದೈತಿ' ಅಂತ ಬರಕೊಳ್ಳೋದು. ಮುಂದಿನದು ದೇವರಿಗೇ ಗೊತ್ತು.

೧. ಅಜ್ಜಿಯ ಜ್ವಾಕಿ

ಆರು ತಿಂಗಳು ಬಿಟ್ಟು ಶಲವಡಿಯ ಒಬ್ಬ ಅಜ್ಜಿ ಮನಿಗೆ ಹೋದೆ.

"ಬಲ್ಬ್ ಹ್ಯಾಂಗೈತಿ ಆಯೀ?"

"ಅಗದಿ ಹೊಸಾದಿದ್ದಂಗ ಐತೋ ತಮ್ಮಾ!"

ನನಗ ಹಿಗ್ಗೋ ಹಿಗ್ಗು. ತೋರಸು ಅಂದೆ. ಟ್ರಂಕು ತಗದು, ಇಳಕಲ್ ಸೀರಿ ಮಡಿಕ್ಯಾಗಿಂದ ಬಲ್ಬ್ ಹೊರಗ ತಗದ್ಲು.

"ಹಚ್ಚಿದ್ರ ಸುಡತೈತಿ. ನಿನ್ನ ಪರೀಕ್ಷಾದಾಗ ನೀ ಫೇಲ್ ಆಗಬಾರದಂತ ಜ್ವಾಕಿ ಮಾಡೀನಿ."

೨. ಅಳ್ಯಾ

ಚಾದಂಗಡ್ಯಾಗ ಒಬ್ಬ ರೈತಗ ನನ್ನ ಶಾಸ್ತ್ರ ತಿಳಿಸಿ ಹೇಳಾಕ ಹೋದೆ. "ಕಾಕಾ, ನಮ್ಮ ಲೆಕ್ಕದಾಗ ಬಲ್ಬಿಗೆ ವಯಸ್ಸಿನ ನೆನಪಿರಂಗಿಲ್ಲ. ವರ್ಷಗಟ್ಟಲೆ ಉರದದ್ದೂ ಒಂದ, ಇವತ್ತ ಡಬ್ಬಿಯಿಂದ ತಗದದ್ದೂ ಒಂದ."

ಕಾಕಾ ಬಶ್ಯಾಗ ಚಾ ಸುರಕೊಂತ ಅಂದ: "ನಮ್ಮ ಅಳ್ಯಾನೂ ಹಂಗ ನೋಡ್ರಿ. ಲಗ್ನಾಗಿ ಹತ್ತು ವರ್ಷಾತು, ಇನ್ನೂ ಮೊದಲನೇ ಹಬ್ಬಕ್ಕ ಬಂದಾವನಂಗ ಉಂಗುರ ಕೇಳ್ತಾನ!"

೩. ಎಲ್ಲಿಗೆ?

ಸಂಶಿಯೊಳಗ ಹೊಸಾ ಬಲ್ಬ್ ಕೊಟ್ಟ ಮನಿಗಳಿಗೆ ಹೋದ್ರ ಎಲ್ಲಾ ಕಡೆ ಒಂದ ಮಾತು: "ಬಲ್ಬ್ ಹೋತ್ರಿ!" ನಾ 'ಸುಟ್ಟಿತು' ಅಂತ ಬರಕೊಂಡೆ. ಹೊಸಾ ನಮೂನಿ ಭಾಳ ಸುಮಾರೈತಿ ಅಂತ ಪ್ರಬಂಧನೂ ಮುಗಿಸಿದೆ.

ಗೈಡ್ ಹುಬ್ಬೇರಿಸಿದ್ರು. "ಇಷ್ಟು ಲಗೂ ಸುಟ್ವಾ? ಸುಟ್ಟ ಬಲ್ಬ್ ತಂದು ತೋರಸು. ಇಲ್ಲಾಂದ್ರ ನಾ ಸಹಿ ಮಾಡಂಗಿಲ್ಲ."

ಮೂರು ವರ್ಷದ ದುಡಿತ! ಸಿಕ್ಕ ಬಸ್ ಹಿಡದು ಸಂಶಿಗೆ ಓಡಿದೆ.

"ಅಕ್ಕಾರ, ಆ ಸುಟ್ಟ ಬಲ್ಬ್ ಕೊಡ್ರಿ."

"ಸುಟ್ಟಿತಂತ ಯಾರಂದ್ರು? ಮಗಳ ಜೋಡಿ ಆಕಿ ಗಂಡನ ಮನಿಗೆ ಹೋತ್ರಿ. ಸುಟ್ಟದ್ದನ್ನ ಯಾರರ ಮಗಳಿಗೆ ಕೊಡ್ತಾರೇನು?"

ಬಾಜೂ ಮನ್ಯಾಗೂ ಅದ ಕತಿ. ಚಂದಾಗಿ ಉರಿಯೂ ಬಲ್ಬುಗಳನ್ನ ನಾ ಕಾಗದದ ಮ್ಯಾಲೆ ಸುಟ್ಟುಬಿಟ್ಟಿದ್ದೆ, ಥೂ ನನ್ನ! ಬಲ್ಬ್ ಮನಿ ಬಿಟ್ಟ ದಿನಕ್ಕ 'ಇಲ್ಲೀತನಕ ಉರದೈತಿ' ಅಂತ ಬರದು ಹೊಸದಾಗಿ ಲೆಕ್ಕ ಹಾಕಿದೆ. ಎರಡೂ ನಮೂನಿಗೆ ಫರಕ್ ಕಾಣಲಿಲ್ಲ. ಗೈಡ್ ನಕ್ಕೊಂತ ಸಹಿ ಹಾಕಿದ್ರು.

ಉಳದದ್ದು ಮೌಖಿಕ ಪರೀಕ್ಷಾ. ಹೊರಗಿಂದ ಬಂದ ಪರೀಕ್ಷಕರು ಕೋಷ್ಟಕದ ಮ್ಯಾಲೆ ಬೆರಳಿಟ್ಟು ಗದರಿಸಿದ್ರು: "ಮಗಳ ಜೋಡಿ ಹೋದ ಈ ಬಲ್ಬುಗಳು ಅಲ್ಲಿ ಎಷ್ಟು ದಿನ ಉರದವು? ಯಾಕ ವಿಚಾರಿಸಲಿಲ್ಲ?"

ಬಾಜೂಕ ಕೂತಿದ್ದ ಗೈಡ್ ಶಾಂತವಾಗಿ ಅಂದ್ರು:

"ಗಂಡನ ಮನಿಗೆ ಕೊಟ್ಟಮ್ಯಾಲೆ ತವರುಮನಿಯಾವ್ರು ಹಂಗೆಲ್ಲಾ ಕೇಳಬಾರದ್ರೀ ಸರ!"